ಲೇಟೆಕ್‌ನಲ್ಲಿ ಗಣಿತ ಚಿಹ್ನೆಗಳಿಗೆ ಬೇರೆ ಸೂಚಿ – ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಡಿಗ್ರಿ ಹುಡುಗರಿಗೆ ಗಣಿತ ಹೇಳಿಕೊಡುತ್ತೇನೆ. ಅವರಿಗಾಗಿ ಕನ್ನಡದಲ್ಲಿ ನೋಟ್ಸ್ ಮಾಡುತ್ತಿದ್ದೇನೆ, ಝೀಲೇಟೆಕ್‌ನಲ್ಲಿ (ಕಮಾಂಡ್ ಬರೆದು ಪುಟ ಜೋಡಿಸುವ ಲೇಟೆಕ್ ತಂತ್ರಾಂಶದ್ದೇ ಕನ್ನಡ ಲಿಪಿಗೂ ಒಗ್ಗುವ ರೂಪ). ಕೊನೆಗೆ ಚಿಹ್ನೆಗಳದ್ದೇ ಒಂದು ಸೂಚಿ ಬೇಕು: ಚಿಹ್ನೆ, ಅರ್ಥ, ಮೊದಲು ಬಂದ ಪುಟ.

ಒಂದಕ್ಕಿಂತ ಹೆಚ್ಚು ಸೂಚಿ ಮಾಡಿಕೊಡುವ ಇಮೇಕ್‌ಐಡಿಎಕ್ಸ್ (imakeidx) ಎಂಬ ಲೇಟೆಕ್ ಪ್ಯಾಕೇಜಿನಿಂದ ಪದಗಳಿಗೊಂದು, ಚಿಹ್ನೆಗಳಿಗೊಂದು ಸೂಚಿ ಬಂತು. ತೊಂದರೆ ಇರುವುದು ಕ್ರಮದಲ್ಲಿ. ಇಂಡೆಕ್ಸ್ ಕಮಾಂಡ್‌ನಲ್ಲಿ ಅಟ್ (@) ಗುರುತಿನ ಎಡಕ್ಕೆ ಬರೆದದ್ದನ್ನು ನೋಡಿಯೇ ಸೂಚಿಯನ್ನು ಜೋಡಿಸುವ ಮೇಕ್‌ಇಂಡೆಕ್ಸ್ ಪ್ರೋಗ್ರಾಂ ಸಾಲು ಹಚ್ಚುತ್ತದೆ. ಅಲ್ಲಿ ಇಂಗ್ಲಿಷ್ ಹೆಸರು ಕೊಟ್ಟರೆ ಗ್ರೀಕ್‌ನಲ್ಲಿ ಮೊದಲು ಬರಬೇಕಾದ ಗಾಮಾ ಹೋಗಿ ಎಪ್ಸಿಲಾನ್ ಆದ ಮೇಲೆ ಕೂರುತ್ತದೆ. ಗ್ರೀಕ್ ಅಕ್ಷರಮಾಲೆ ಗೊತ್ತಿದ್ದವರು ನಗುತ್ತಾರೆ ಅಲ್ವಾ! ಹೆಸರಿನ ಬದಲು ಅಂಕಿ ಕೊಡಬಹುದು. ಆದರೆ ನಡುವೆ ಒಂದು ಹೊಸ ಚಿಹ್ನೆ ಬಂದರೆ ಮುಂದಿನದೆಲ್ಲ ತಿದ್ದುತ್ತಾ ಕೂರಬೇಕು.

ಪದ, ಚಿಹ್ನೆಗಳ ಪಟ್ಟಿ ಮಾಡುವ ಗ್ಲಾಸರೀಸ್ (glossaries) ಪ್ಯಾಕೇಜಿನಲ್ಲಿ ನಾವು ಬರೆದಿಟ್ಟ ಕ್ರಮ ಅಥವಾ ಬಳಸಿದ ಕ್ರಮ ಇಡುವ ಆಯ್ಕೆ ಇದೆ. ಅದಕ್ಕೇ ಬದಲಾಗುವುದು ಒಳ್ಳೆಯದಾ? ಸಿಗ್ಮಾಕ್ಕೆ ಸಂಖ್ಯಾಶಾಸ್ತ್ರದಲ್ಲಿ ಒಂದು ಅರ್ಥ, ಗ್ರೂಪ್ ಥಿಯರಿಯಲ್ಲಿ ಇನ್ನೊಂದು. ಹಾಗಾಗಿ ಎರಡು ನಮೂದು ಬೇಕು. ಎಲ್ಲ ಪುಟಗಳ ಬದಲು ಮೊದಲ ಪುಟ ಮಾತ್ರ ಬರುವಂತೆ ಮಾಡುವುದು ಹೇಗೆ?

ಮಾಡಿ ನೋಡಿದವರು ಒಂದು ಚಿಕ್ಕ ಉದಾಹರಣೆ ಫೈಲ್ ಹಾಕಿ, ಪ್ಲೀಸ್. ಸುಮ್ನೆ "ಮ್ಯಾನುಯಲ್ ಓದಿ" ಅನ್ನಬೇಡಿ. ಸೂಪರ್ ಮಾರ್ಕೆಟ್ ಹತ್ತಿರದ ಜೆರಾಕ್ಸ್ ಅಂಗಡಿಯವರು ಪಿಡಿಎಫ್ ಯಾವಾಗ ಕೊಡ್ತೀರಿ ಸರ್ ಅಂತ ಕೇಳುತ್ತಲೇ ಇದ್ದಾರೆ.