ಮಿಲಿಟ್ರಿಯಿಂದ ಬಂದು ಐದು ತಿಂಗಳಾಯಿತು, ನಮ್ಮ ಮನೆಯವರು ಇನ್ನೂ ಮನೆಗೆ ಹೊಂದಿಕೊಂಡಿಲ್ಲ

ಹವಾಲ್ದಾರರ ಮನೆಯವಳು:
ನಮ್ಮದು ಬೈಲಹೊಂಗಲದ ಹತ್ತಿರ ಒಂದು ಹಳ್ಳಿ. ಮನೆಯವರು 17 ವರ್ಷ ಸರ್ವಿಸ್ ಮುಗಿಸಿ ಬಂದಿದ್ದಾರೆ, ವಯಸ್ಸು ಇನ್ನೂ 37. ಬಂದ ದಿನ ತೆರೆದ ಜೀಪಿನಲ್ಲಿ ಮೆರವಣಿಗೆ, ಡೊಳ್ಳು, ಹಾರ, ಶಾಲೆ ಮಕ್ಕಳ ಕೈಯಲ್ಲಿ ಬಾವುಟ. ಈಗಲೂ ಜನ ಬರುತ್ತಾರೆ, ಆದರೆ ಮಿಲಿಟ್ರಿ ಕ್ಯಾಂಟೀನಿನಿಂದ ಏನಾದರೂ ತರಿಸಿಕೊಡಿ ಅಂತ ಕೇಳೋದಕ್ಕೆ ಅಷ್ಟೇ.

ಬೆಳಿಗ್ಗೆ 4ಕ್ಕೆ ಎದ್ದು, ಶೇವ್ ಮಾಡಿ, ಶೂ ಪಾಲಿಶ್ ಮಾಡಿ ಕಟ್ಟೆ ಮೇಲೆ ಕೂರುತ್ತಾರೆ. ಹೋಗೋಕೆ ಎಲ್ಲೂ ಇಲ್ಲ. ಬಿಳಿ ಬಣ್ಣದಲ್ಲಿ ನಂಬರ್ ಬರೆದ ಕಪ್ಪು ಟ್ರಂಕ್ ಇನ್ನೂ ಬಾಗಿಲ ಪಕ್ಕದಲ್ಲೇ ಇದೆ. ಬಟ್ಟೆ ಬೀರುವಿನಲ್ಲಿ ಇಡಿ ಅಂದರೆ ಇರಲಿ ಬಿಡು ಅನ್ನುತ್ತಾರೆ. ಮೊನ್ನೆ ಶಾಲೆಯ ಕಾಗದಕ್ಕೆ ಅಪ್ಪನ ಸಹಿ ಬೇಕಿತ್ತು, ಅವರು ಪಕ್ಕದಲ್ಲೇ ಊಟಕ್ಕೆ ಕೂತಿದ್ದರೂ ಮಗ ಅದನ್ನು ನನ್ನ ಹತ್ತಿರ ತಂದ. ಅವರು ನೋಡಿದರು, ಏನೂ ಅನ್ನಲಿಲ್ಲ, ತಟ್ಟೆ ಬಿಟ್ಟು ಎದ್ದು ಹೋದರು. ರಾತ್ರಿ ನಿದ್ದೆ ಇಲ್ಲ, ಮಾತೆತ್ತಿದರೆ ಸಿಟ್ಟು. ಬೀಜ, ಗೊಬ್ಬರ, ಸೊಸೈಟಿ ಸಾಲ ಎಲ್ಲ ಇಷ್ಟು ವರ್ಷ ನಾನೇ ನೋಡಿಕೊಂಡವಳು, ಈಗ ಒಂದೊಂದಕ್ಕೂ ಲೆಕ್ಕ ಕೇಳಿದರೆ ನನಗೂ ತಡೆಯೋಕೆ ಆಗಲ್ಲ. ಏನು ಮಾಡಲಿ?

ಮಾಜಿ ಸೈನಿಕ, ಗದಗ:
ತಂಗೀ, ನಾನು 2011ರಲ್ಲಿ ಬಂದವನು, ನನ್ನ ಟ್ರಂಕ್ ಒಂದು ವರ್ಷ ಹಾಗೇ ಬಿದ್ದಿತ್ತು. ಅಲ್ಲಿ ಯಾವಾಗ ಎಲ್ಲಿರಬೇಕು ಅಂತ ಹೇಳುವವರಿದ್ದರು, ನನ್ನ ಮಾತು ಕೇಳುವ ಹತ್ತು ಹುಡುಗರೂ ಇದ್ದರು. ಊರಿಗೆ ಬಂದ ಮೇಲೆ ಎರಡೂ ಇಲ್ಲ. ಅವರು ಲೆಕ್ಕ ಕೇಳೋದು ನಿಮ್ಮ ಮೇಲಿನ ಅನುಮಾನಕ್ಕಲ್ಲ, ಈ ಮನೆಯಲ್ಲಿ ತನ್ನ ಕೆಲಸ ಯಾವುದು ಅಂತ ಹುಡುಕುತ್ತಿದ್ದಾರೆ. ಒಂದು ಕೆಲಸ ಪೂರ್ತಿ ಅವರಿಗೇ ಬಿಟ್ಟುಕೊಡಿ. ಊರಲ್ಲಿ ಅಗ್ನಿವೀರ್ ಭರ್ತಿಗೆ ಅಂತ 1600 ಮೀಟರ್ ಓಡುವ ಹುಡುಗರಿರುತ್ತಾರಲ್ಲ, ಅವರನ್ನು ಬೆಳಿಗ್ಗೆ ಇವರ ಹತ್ತಿರ ಕಳಿಸಿ ನೋಡಿ. ನನ್ನನ್ನು ಉಳಿಸಿದ್ದು ಅದೇ.

ನೌಕರಿಗೂ ತಡ ಮಾಡಬೇಡಿ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ನಮಗೆ 10% ಮೀಸಲಾತಿ ಇದೆ, ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲೂ 10%. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸರ್ವಿಸ್ ಮಾಡಿದವರನ್ನು ಎಷ್ಟೋ ಗ್ರೂಪ್ ಸಿ ಹುದ್ದೆಗೆ ಡಿಗ್ರಿ ಆದವರ ಸಮ ಅಂತ ಪರಿಗಣಿಸುತ್ತಾರೆ. ಮೊದಲು ಸರ್ವಿಸ್ ಮುಗಿದಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಹಿಡಿದು ಬೆಳಗಾವಿಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿ.

ಕೊಡಗಿನ ಸೊಸೆ:
ಅಣ್ಣ ಹೇಳಿದ್ದು ಸರಿ, ಆದರೆ ಎಲ್ಲಾ ಅಕ್ಕನೇ ಬಿಟ್ಟುಕೊಡಬೇಕಾ? ಸಾಲ ಕಟ್ಟಿ ಹೊಲ ಉಳಿಸಿದವರು ಅವರು. ನಮ್ಮ ಮನೆಯವರಿಗೆ ನಾನು ಲೆಕ್ಕದ ಪುಸ್ತಕ ಕೊಡಲೇ ಇಲ್ಲ, ಭಾನುವಾರ ಇಬ್ಬರೂ ಕೂತು ನೋಡುತ್ತಿದ್ದೆವು, ಬರೆಯುವವಳು ನಾನೇ.

ಇನ್ನೊಂದು ಮಾತು. ಪಿಂಚಣಿ ಕಾಗದದಲ್ಲಿ, ಸೈನಿಕರ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ನಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇದ್ದಂತೆಯೇ ಇದೆಯಾ ಅಂತ ಈಗಲೇ ನೋಡಿ. ನಮ್ಮ ಅತ್ತೆಯ ಹೆಸರು ಒಂದೊಂದು ಕಡೆ ಒಂದೊಂದು ಥರ ಇತ್ತು, ಮಾವ ಹೋದ ಮೇಲೆ ಆ ವಯಸ್ಸಿನಲ್ಲಿ ಅವರು ಪಿಂಚಣಿಗಾಗಿ ಅಲೆದದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಸೈನಿಕನ ಮಗ:
ಮಗನ ಬಗ್ಗೆ ಹೇಳ್ತೀನಿ, ಯಾಕಂದ್ರೆ ಆ ಮಗ ನಾನೇ ಆಗಿದ್ದೆ. ಅಪ್ಪ ಅಂದ್ರೆ ವರ್ಷಕ್ಕೆ ಎರಡು ಸಲ ರಜೆಗೆ ಬರುವವರು, ಬಾದಾಮಿ ತರುವವರು, ಅಷ್ಟೇ. ಅವರಿಗೂ ನನ್ನ ಹತ್ತಿರ ಏನು ಮಾತಾಡಬೇಕು ಗೊತ್ತಾಗ್ತಿರಲಿಲ್ಲ. ಒಂದು ಭಾನುವಾರ ಸಂಜೆ ನನ್ನ ಶಾಲೆ ಶೂ ತಂದು ಪಕ್ಕದಲ್ಲಿ ಕೂರಿಸಿಕೊಂಡು, ಬಟ್ಟೆಯನ್ನು ಬೆರಳಿಗೆ ಸುತ್ತಿ, ಎರಡು ಹನಿ ನೀರು ಹಾಕಿ, ಪಾಲಿಶನ್ನು ಸಣ್ಣ ಸಣ್ಣ ಸುತ್ತಿನಲ್ಲಿ ತಿಕ್ಕೋದು ತೋರಿಸಿದರು. ಮುಖ ಕಾಣೋ ತನಕ ಬಿಡಲಿಲ್ಲ. ಆಮೇಲೆ ಪ್ರತಿ ಭಾನುವಾರ ನಾನೇ ಶೂ ತಗೊಂಡು ಹೋಗ್ತಿದ್ದೆ. ಅಪ್ಪನ ಹತ್ತಿರ ಹೋಗು ಅಂತ ಅವನಿಗೆ ಒತ್ತಾಯ ಮಾಡಬೇಡಿ ಅಕ್ಕಾ.

ಆದರೆ ನಿದ್ದೆ ಇಲ್ಲ, ಸಿಟ್ಟು ಅನ್ನೋದನ್ನ ಸುಮ್ನೆ ಬಿಡಬೇಡಿ. ನಮ್ಮಪ್ಪ ಅದಕ್ಕೆ ರಮ್ ಹಿಡಿದರು, ಆರು ವರ್ಷ ಹಾಳಾಯಿತು. ಮಾಜಿ ಸೈನಿಕರ ಚಿಕಿತ್ಸೆಗೆಂದೇ ಇರುವ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ನಿದ್ದೆಯ ವಿಷಯ ಅಂತಲೇ ಶುರು ಮಾಡಿ, ಮನೋವೈದ್ಯರಿಗೆ ರೆಫರ್ ಮಾಡಿಸಿಕೊಳ್ಳಿ. ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ 14416 ಟೆಲಿ ಮಾನಸ್‌ಗೆ ನೀವೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಹವಾಲ್ದಾರರ ಮನೆಯವಳು:
ಎಲ್ಲರಿಗೂ ಕೈ ಮುಗಿದೆ. ರಾತ್ರಿ ಡಿಸ್ಚಾರ್ಜ್ ಬುಕ್ ತೋರಿಸಿ ಅಂದೆ, ಟ್ರಂಕಿನ ತಳದಲ್ಲಿತ್ತು, ಬಟ್ಟೆ ಎಲ್ಲ ಹೊರಗೆ ತೆಗೆದರು. ಅದರಲ್ಲಿ ನಾನು ಹುಟ್ಟಿದ ವರ್ಷ ತಪ್ಪಾಗಿದೆ. ಸೋಮವಾರ ಇಬ್ಬರೂ ಬೆಳಗಾವಿಗೆ ಹೋಗ್ತೀವಿ. ಗದಗದ ಅಣ್ಣಾ, ಹುಡುಗರನ್ನು ಎಷ್ಟು ಗಂಟೆಗೆ ಓಡಿಸ್ತಿದ್ದಿರಿ ಅಂತ ಅವರು ಕೇಳ್ತಿದ್ದಾರೆ.