ದಿನವೂ ಪಿ.ಟಿ. ಮಾಡುವವರ ಹೊಟ್ಟೆ ಬೆಳೆಯುವುದು ಹೇಗೆ?

ಪ್ರಶ್ನೆ: ಫೌಜಿ ಮನೆಯಾಕೆ, ಅರಕಲಗೂಡು

ನನ್ನ ಯಜಮಾನರು ಸೇನೆಯಲ್ಲಿ ಹವಾಲ್ದಾರ್, ಕ್ಲರ್ಕ್ ಕೆಲಸ. ವಯಸ್ಸು 38, ಎತ್ತರ 170 ಸೆಂ.ಮೀ., ತೂಕ 84 ಕೆ.ಜಿ. ಈ ಸಲದ ವಾರ್ಷಿಕ ವೈದ್ಯಕೀಯ ಪರೀಕ್ಷೆಯಲ್ಲಿ ತೂಕ ಹೆಚ್ಚೆಂದು ಶೇಪ್-1ರಿಂದ, ಅಂದರೆ ಪೂರ್ಣ ಆರೋಗ್ಯದ ವರ್ಗದಿಂದ, ಇಳಿಸಿ 24 ವಾರಗಳ ತಾತ್ಕಾಲಿಕ ವರ್ಗಕ್ಕೆ ಹಾಕಿದ್ದಾರೆ. ನಾಯಬ್ ಸುಬೇದಾರ್ ಬಡ್ತಿಯ ಸರದಿ ಹತ್ತಿರ ಬಂದಿರುವಾಗ ಹೀಗಾಯಿತು. ಅಷ್ಟರೊಳಗೆ ತೂಕ ಇಳಿಯದಿದ್ದರೆ ಬಡ್ತಿ ಕೈತಪ್ಪಬಹುದೆಂದು ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ.

ಊರಿಗೆ ಹೋದರೆ ನಮ್ಮತ್ತೆ "ಈಗ ಮಗ ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಾನೆ" ಎಂದು ಇನ್ನೊಂದು ಮುದ್ದೆ ಬಡಿಸುತ್ತಾರೆ. ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರು "ಏನು ತಿನ್ನಿಸುತ್ತೀರಿ?" ಎಂದು ನಗುತ್ತಾರೆ. ನನಗೆ ಉರಿಯುವುದು ಇಲ್ಲಿಯೇ. ಮನೆಯಲ್ಲಿ ಅವರು ಊಟ ಮಾಡುವುದು ರಾತ್ರಿ ಒಂದು ಹೊತ್ತು. ಬೆಳಗಿನ ತಿಂಡಿ ಸೈನಿಕರ ಊಟದ ಮನೆಯಾದ ಲಂಗರಿನಲ್ಲಿ, ಹತ್ತೂವರೆಗೆ ಕಚೇರಿಗೇ ಚಹಾ ಮತ್ತು ಪಕೋಡ, ಮಧ್ಯಾಹ್ನವೂ ಅಲ್ಲೇ. ಬೈಗುಳ ಮಾತ್ರ ನನ್ನ ಒಲೆಗೆ!

ಕೇಳಬೇಕಾಗಿರುವುದು ಎರಡು ವಿಷಯ. ಬೆಳಗ್ಗೆ ಪಿ.ಟಿ. ಪರೇಡ್‌ಗೆ ಹೋಗುವ ಮನುಷ್ಯ ದಪ್ಪಗಾಗುವುದು ಹೇಗೆ? ಎರಡನೆಯದು, ಅವರ ಗೆಳೆಯರೊಬ್ಬರು ಉಪಾಯ ಹೇಳಿಕೊಟ್ಟಿದ್ದಾರೆ: ಮರುಪರೀಕ್ಷೆಗೆ ಹತ್ತು ದಿನ ಮೊದಲು ಅನ್ನ, ಉಪ್ಪು ಬಿಡಬೇಕಂತೆ, ರೇನ್‌ಕೋಟ್ ಹಾಕಿಕೊಂಡು ಓಡಬೇಕಂತೆ, ಹಿಂದಿನ ದಿನ ನೀರು ಕುಡಿಯದೆ ಮೂತ್ರ ಹೋಗುವ ಮಾತ್ರೆ ನುಂಗಬೇಕಂತೆ. ಇವರು ತಲೆಯಾಡಿಸಿಕೊಂಡು ಬಂದಿದ್ದಾರೆ. ಇದು ಸರಿಯೇ?

ಉತ್ತರ: ನಿವೃತ್ತ ಪಿ.ಟಿ. ಉಸ್ತಾದ್, ಸೋಮವಾರಪೇಟೆ

ತಂಗಿ, ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಜೀವದ ಮಾತಿದೆ. ರೇನ್‌ಕೋಟ್ ಹಾಕಿಕೊಂಡು ನೀರಿಲ್ಲದೆ ಓಡಿದವನನ್ನು ಸ್ಟ್ರೆಚರ್ ಮೇಲೆ ಎಂ.ಐ. ರೂಮಿಗೆ, ಅಂದರೆ ಘಟಕದ ಚಿಕಿತ್ಸಾ ಕೊಠಡಿಗೆ, ಹೊತ್ತುಕೊಂಡು ಹೋದವನು ನಾನು. ಬೆವರು ಆರಲು ಜಾಗವಿಲ್ಲದಿದ್ದರೆ ಮೈಯ ಶಾಖ ಒಳಗೇ ಏರುತ್ತದೆ. ಆ ಮನುಷ್ಯ ಪ್ರಜ್ಞೆ ತಪ್ಪಿ ಬಿದ್ದಿದ್ದ, ಮೂತ್ರಪಿಂಡ ಉಳಿದದ್ದು ಪುಣ್ಯ. ಅಷ್ಟಕ್ಕೂ ಇಳಿಯುವುದು ನೀರಿನ ತೂಕ. ಪರೀಕ್ಷೆ ಮುಗಿಸಿ ಎರಡು ಲೋಟ ಲಸ್ಸಿ ಕುಡಿದರೆ ಮರಳಿ ಬರುತ್ತದೆ. ಆ ಗೆಳೆಯರಿಗೆ ನನ್ನ ಕಡೆಯಿಂದ ಎರಡು ಮಾತು ಬೈದು ಕಳುಹಿಸಿ.

ಈಗ ಮೊದಲನೆಯ ಪ್ರಶ್ನೆ. ಪಿ.ಟಿ. ಪರೇಡ್‌ಗೆ ಹೋಗುವುದು ಬೇರೆ, ಪಿ.ಟಿ. ಮಾಡುವುದು ಬೇರೆ. ನೂರಿಪ್ಪತ್ತು ಜನರನ್ನು ಮುಂದೆ ನಿಲ್ಲಿಸಿಕೊಂಡು ಸೀಟಿ ಊದಿದವನಿಗೆ ಹಿಂದಿನ ಸಾಲು ಯಾರದು ಎಂದು ನೋಡದೆಯೇ ಗೊತ್ತಿರುತ್ತದೆ. ಕ್ಲರ್ಕ್, ಸ್ಟೋರ್‌ಮನ್, ಎಂ.ಟಿ. ಡ್ರೈವರ್, ಅಡುಗೆಯವರು. ಅವರು ಸೋಮಾರಿಗಳೆಂದು ನಾನು ಹೇಳುತ್ತಿಲ್ಲ. ಕ್ಲರ್ಕ್ ರಾತ್ರಿ ಹನ್ನೊಂದರವರೆಗೆ ಕುಳಿತು ಮೇಲಿನ ಕಚೇರಿಗೆ ರಿಟರ್ನ್ ಸಿದ್ಧಪಡಿಸಿರುತ್ತಾನೆ. ಬೆಳಗ್ಗೆ ಹೆಡ್ ಕ್ಲರ್ಕ್ ಕರೆದರೆಂದು ಅರ್ಧ ಪರೇಡ್ ಬಿಟ್ಟು ಓಡುತ್ತಾನೆ. ಹಾಜರಿ ಪುಸ್ತಕದಲ್ಲಿ ಅವನಿದ್ದಾನೆ, ಮೈದಾನದಲ್ಲಿ ಇಲ್ಲ. ನಮ್ಮ ಕಾಲದಲ್ಲಿ ಬಿ.ಪಿ.ಇ.ಟಿ., ಅಂದರೆ ಯುದ್ಧ ದೈಹಿಕ ಕ್ಷಮತೆಯ ಪರೀಕ್ಷೆ, ಹತ್ತಿರ ಬಂದಾಗ ಮಾತ್ರ ರೈಫಲ್ ಹೊತ್ತು 5 ಕಿ.ಮೀ. ಓಟ, 60 ಮೀಟರ್ ಓಟ, ಹಗ್ಗ, 9 ಅಡಿ ಹಳ್ಳ ಎಲ್ಲವೂ ನೆನಪಾಗುತ್ತಿದ್ದವು. ಒಂದು ತಿಂಗಳು ಒದ್ದಾಡಿ ಹೇಗೋ ಪಾಸಾಗಿ, ಮರುದಿನದಿಂದ ಮತ್ತೆ ಕುರ್ಚಿ.

ಇನ್ನು ರೇಷನ್. ಇದನ್ನು ಹೊರಗಿನವರು ಗಮನಿಸುವುದೇ ಇಲ್ಲ. ಸೇನೆಯಲ್ಲಿ ತಲೆಗೆ ಇಷ್ಟು ಅಕ್ಕಿ, ಗೋಧಿ ಹಿಟ್ಟು, ಬೇಳೆ, ಸಕ್ಕರೆ, ಎಣ್ಣೆ ಎಂದು ತೂಗಿ ಬರುತ್ತದೆ. 9,000 ಅಡಿಯ ಮೇಲೆ ಒಂದು ಲೆಕ್ಕ, 12,000 ಅಡಿಯ ಮೇಲೆ ಇನ್ನೊಂದು. ಎತ್ತರಕ್ಕೆ ತಕ್ಕಂತೆ ರೇಷನ್ ಬದಲಾಗುತ್ತದೆ, ಕೆಲಸಕ್ಕೆ ತಕ್ಕಂತೆ ತಟ್ಟೆ ಬದಲಾಗುವುದಿಲ್ಲ. ಬೆನ್ನ ಮೇಲೆ ಹೊರೆ ಹೊತ್ತು ದಿನವೆಲ್ಲ ಗುಡ್ಡ ಹತ್ತುವ 22ರ ಹುಡುಗನೂ ಕಂಪ್ಯೂಟರ್ ಮುಂದೆ ಕುಳಿತ 38ರ ಹವಾಲ್ದಾರನೂ ಒಂದೇ ಲಂಗರಿನ ಸಾಲಿನಲ್ಲಿ ನಿಂತು ಒಂದೇ ಪೂರಿ–ಆಲೂ ಹಾಕಿಸಿಕೊಳ್ಳುತ್ತಾರೆ. ಹುಡುಗನಿಗೆ ಅದು ಸಾಲುವುದಿಲ್ಲ, ನಿಮ್ಮ ಯಜಮಾನರಿಗೆ ಅದರ ಅರ್ಧವೇ ಹೆಚ್ಚು. ಆದರೆ ಕೈ ಹಳೆಯದನ್ನು ಮರೆಯುವುದಿಲ್ಲ. ಅವರೂ ಒಂದು ಕಾಲಕ್ಕೆ ಆ ಹುಡುಗನೇ ಆಗಿದ್ದರಲ್ಲವೇ? ಅಂದು ಹಾಕಿಸಿಕೊಂಡಷ್ಟೇ ಇಂದೂ ಹಾಕಿಸಿಕೊಳ್ಳುತ್ತಾರೆ.

ಫೀಲ್ಡ್‌ಗೆ, ಅಂದರೆ ಗಡಿಯ ಕಡೆಗೆ, ಹೋದಾಗ ತೂಕ ಇಳಿಯುವುದು, ಪೀಸ್‌ಗೆ, ಅಂದರೆ ಶಾಂತಿ ಪ್ರದೇಶದ ಠಾಣೆಗೆ, ಬಂದಾಗ ಏರುವುದು ನಮ್ಮಲ್ಲಿ ಋತುಮಾನದಂತೆ ನಡೆಯುತ್ತದೆ. ಮೇಲಿನ ಹಿಮದಲ್ಲಿ ಹಸಿವೇ ಸತ್ತುಹೋಗುತ್ತದೆ. ಊಟದ ಪೊಟ್ಟಣ ಎದುರಿಗಿದ್ದರೂ ಬಾಯಿಗೆ ಸೇರುವುದಿಲ್ಲ, ಮಾಂಸಖಂಡ ಕರಗುತ್ತದೆ. ಕೆಳಗಿಳಿದ ಮೇಲೆ 60 ದಿನಗಳ ವಾರ್ಷಿಕ ರಜೆ. ಬಡಕಲಾಗಿ ಬಂದ ಮಗನಿಗೆ ತಾಯಿ ಕೋಳಿ ಕೊಯ್ಯುತ್ತಾಳೆ, ಅಕ್ಕ ಹೋಳಿಗೆ ಮಾಡುತ್ತಾಳೆ, ನಮ್ಮ ಕೊಡಗಿನಲ್ಲಾದರೆ ಹಂದಿ ಮಾಂಸ, ಕಡಂಬಿಟ್ಟು. ತಪ್ಪೆನ್ನಲಾರೆ. ಹೋದದ್ದು ಮಾಂಸಖಂಡ, ಬಂದದ್ದು ಕೊಬ್ಬು, ಅಷ್ಟೇ.

ಕ್ಯಾಂಟೀನಿನಲ್ಲಿ ಸಿಗುವ ಮದ್ಯದ ಕೋಟಾದ ವಿಷಯ ನೀವು ಬರೆದಿಲ್ಲ. ಮರೆತಿರಬಹುದು, ಮರೆಸಿರಬಹುದು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯಜಮಾನರಿಗೆ ಇಷ್ಟನ್ನು ಹೇಳಿ: 2024ರ ಆರಂಭದಲ್ಲಿ ಹೊಸ ದೈಹಿಕ ಕ್ಷಮತೆಯ ನೀತಿಯ ಬಗ್ಗೆ ಪತ್ರಿಕೆಗಳಲ್ಲಿ ಬಂದಿತ್ತು. ಇದ್ದ ಪರೀಕ್ಷೆಗಳ ಜೊತೆಗೆ ಆರು ತಿಂಗಳಿಗೊಮ್ಮೆ 10 ಕಿ.ಮೀ. ವೇಗದ ನಡಿಗೆ, 32 ಕಿ.ಮೀ. ರೂಟ್ ಮಾರ್ಚ್, 50 ಮೀಟರ್ ಈಜು. ತೂಕ ಹೆಚ್ಚಿದ್ದವರಿಗೆ 30 ದಿನಗಳ ಅವಕಾಶ, ಆಮೇಲೂ ಸುಧಾರಿಸದಿದ್ದರೆ ರಜೆಗೂ ಟಿ.ಡಿ.ಗೂ (ಹೊರ ಊರಿನ ತಾತ್ಕಾಲಿಕ ಕರ್ತವ್ಯಕ್ಕೂ) ಕತ್ತರಿ. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಕ್ಲರ್ಕ್‌ಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಉತ್ತರ: ತೆರಿಗೆದಾರ

ಕ್ಷಮಿಸಿ, ನೇರವಾಗಿ ಹೇಳುತ್ತೇನೆ. ಸೈನಿಕನಿಗೇ ಹೊಟ್ಟೆ ಬಂದರೆ ದೇಶ ಕಾಯುವವರು ಯಾರು? ನಮ್ಮ ದುಡ್ಡಿನಲ್ಲಿ ಪೂರಿ ತಿಂದು ಕೊಬ್ಬುವುದಕ್ಕೆ ನಾಚಿಕೆಯಾಗಬೇಕು.

ಉತ್ತರ: ಆಹಾರತಜ್ಞೆ, ಮೈಸೂರು

ತೆರಿಗೆದಾರರೇ, ನಾನೂ ತೆರಿಗೆ ಕಟ್ಟುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗಂಡಸರಲ್ಲಿ ಶೇ 22.9ರಷ್ಟು ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು, ಹೆಂಗಸರಲ್ಲಿ ಶೇ 24. ಸೈನಿಕರು ಇದೇ ಮನೆಗಳಿಂದ ಹೋದವರು. ಅಮೆರಿಕದ ಸೇನೆಯನ್ನು ನೋಡಿ: ಅಮೆರಿಕನ್ ಸೆಕ್ಯುರಿಟಿ ಪ್ರಾಜೆಕ್ಟ್ ಎಂಬ ಸಂಸ್ಥೆ 2023ರಲ್ಲಿ ಹೇಳಿದಂತೆ ಅಲ್ಲಿ ಸೇವೆಯಲ್ಲಿರುವವರ ಪೈಕಿ ಶೇ 68ರಷ್ಟು ಮಂದಿಯ ತೂಕ ಹೆಚ್ಚು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ರಕ್ಷಣಾ ಸಚಿವರು ದಪ್ಪ ಜನರಲ್‌ಗಳನ್ನು ಜನರಲ್‌ಗಳ ಸಭೆಯಲ್ಲಿಯೇ ಗದರಿದರು. ಗದರಿಸಿ ತೂಕ ಇಳಿಸುವುದಾಗಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ.

ಪ್ರಶ್ನೆ ಕೇಳಿದ ಸಹೋದರಿಗೆ: ನೀವು ಕೊಟ್ಟ ಲೆಕ್ಕದಲ್ಲಿ ಅವರ ದೇಹದ್ರವ್ಯ ಸೂಚಿ, ಅಂದರೆ ಬಿ.ಎಂ.ಐ., ಸುಮಾರು 29. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಹಿಡಿಯುತ್ತಾರೆ. ಕಸರತ್ತು ಮಾಡಿದ ಮೈಯಲ್ಲಿ ಮಾಂಸಖಂಡದ ತೂಕವೂ ಸೇರಿಕೊಳ್ಳುವುದರಿಂದ ಸೊಂಟದ ಸುತ್ತಳತೆಯನ್ನೂ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ. ಮೇಲ್ಮಿತಿ. ಅದನ್ನು ಮೀರಿದ್ದರೆ "ಇದು ಮಾಂಸಖಂಡ" ಎಂಬ ಸಮಾಧಾನ ಬೇಡ.

ಉಸ್ತಾದರು ಹೇಳಿದ ತಟ್ಟೆಯ ಮಾತನ್ನು ಅಂಕಿಗಳಲ್ಲಿ ಹೇಳುತ್ತೇನೆ. 84 ಕೆ.ಜಿ. ತೂಕದವರು 5 ಕಿ.ಮೀ. ಓಡಿದರೆ ಖರ್ಚಾಗುವುದು ಸುಮಾರು 420 ಕ್ಯಾಲೊರಿ. ನಾಲ್ಕು ಪೂರಿಯಲ್ಲಿಯೇ ಹತ್ತಿರ ಹತ್ತಿರ ಅಷ್ಟಿದೆ, ಆಲೂಗಡ್ಡೆ ಪಲ್ಯ ಬೇರೆ. ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ಐದು ಬಾರಿ ಎಂದರೆ ಸಕ್ಕರೆಯಿಂದಲೇ 200. 60 ಮಿ.ಲೀ. ರಮ್ ಸುಮಾರು 140, ಜೊತೆಗಿನ ಹುರಿಗಡಲೆ, ಮಿಕ್ಸ್ಚರ್ ಲೆಕ್ಕಕ್ಕೆ ಸಿಗುವುದಿಲ್ಲ. ಓಡಿ ಕರಗಿಸುತ್ತೇನೆ ಎಂಬವರು ಈ ಕೂಡಿಸು–ಕಳೆಯುವಿಕೆಯಲ್ಲಿ ಸೋಲುತ್ತಾರೆ. ದಿನಕ್ಕೆ 500 ಕ್ಯಾಲೊರಿ ಕಡಿಮೆಯಾದರೆ ವಾರಕ್ಕೆ ಅರ್ಧ ಕೆ.ಜಿ.ಯ ಆಸುಪಾಸು ಇಳಿಯಬಹುದು. ಕ್ರಮೇಣ ವೇಗ ತಗ್ಗುತ್ತದೆ, ಗಾಬರಿಯಾಗಬೇಡಿ. 24 ವಾರಗಳಲ್ಲಿ ಎಂಟರಿಂದ ಹತ್ತು ಕೆ.ಜಿ. ಸಾಧ್ಯವಿರುವ ಗುರಿ. ಬಿ.ಎಂ.ಐ. 25ರೊಳಗೆ ಬರಬೇಕಾದರೆ ಅವರು 72 ಕೆ.ಜಿ. ತಲುಪಬೇಕು. ಹಾಗಾಗಿ ಈಗಲೇ ಶುರುವಾಗಬೇಕು.

ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಐದಕ್ಕೆ ಏಳುವವರಿಗೆ ಇನ್ನೊಂದು ಮಾತು. ನಿದ್ದೆ ಕಡಿಮೆಯಾದರೆ ಮರುದಿನ ಹಸಿವು ಹೆಚ್ಚು, ಅದೂ ಕರಿದದ್ದು, ಸಿಹಿಯ ಕಡೆಗೇ. ಅವರು ಜೋರಾಗಿ ಗೊರಕೆ ಹೊಡೆಯುತ್ತಾರೆಯೇ? ಉಸಿರು ಮಧ್ಯೆ ನಿಂತು ನಿಂತು ಬರುತ್ತದೆಯೇ? ಹಾಗಿದ್ದರೆ ರೆಜಿಮೆಂಟಿನ ವೈದ್ಯಾಧಿಕಾರಿಗೆ ಹೇಳಲಿ. ಥೈರಾಯ್ಡ್, ರಕ್ತದ ಸಕ್ಕರೆ, ರಕ್ತದೊತ್ತಡವನ್ನೂ ಒಮ್ಮೆ ನೋಡಿಸಲಿ.

ನಮ್ಮೂರಿನ ಡಿ.ಎಫ್.ಆರ್.ಎಲ್., ಅಂದರೆ ರಕ್ಷಣಾ ಆಹಾರ ಸಂಶೋಧನಾಲಯ, 1961ರಲ್ಲಿ ಶುರುವಾದದ್ದೇ ಸೈನಿಕರ ಆಹಾರದ ಮೇಲೆ ಕೆಲಸ ಮಾಡಲು. ಹೊರುವ ತೂಕ ಕಡಿಮೆಯಿರಬೇಕು, ಶಕ್ತಿ ಹೆಚ್ಚಿರಬೇಕು, ತಿಂಗಳುಗಟ್ಟಲೆ ಕೆಡಬಾರದು ಎಂಬುದು ಗಡಿಯ ಸೈನಿಕನ ಅಗತ್ಯ. ಕುರ್ಚಿಯಲ್ಲಿ ಕುಳಿತವನಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಹೊಟ್ಟೆ ತುಂಬಬೇಕು, ಶಕ್ತಿ ಕಡಿಮೆ ಇರಬೇಕು. ಸೊಪ್ಪು, ತರಕಾರಿ, ಮೊಳಕೆಕಾಳು, ಮಜ್ಜಿಗೆ, ಮೊಟ್ಟೆ ಆ ಕೆಲಸ ಮಾಡುತ್ತವೆ.

ಫೌಜಿ ಮನೆಯಾಕೆ:

ತೆರಿಗೆದಾರರೇ, ದೇಶ ಕಾಯುವವರ ಕಡತಗಳನ್ನೂ ಯಾರಾದರೂ ಬರೆಯಬೇಕಲ್ಲ! ಸಿಯಾಚಿನ್‌ಗೆ ಹೋಗುವ ಹುಡುಗನ ಸಂಬಳ, ರಜೆ, ಪಿಂಚಣಿ ಕಾಗದಗಳೆಲ್ಲ ಸಾಗುವುದು ಇವರ ಕೈಯಿಂದಲೇ.

ಉಸ್ತಾದರೇ, ಅಕ್ಕಾ, ಇಬ್ಬರ ಮಾತನ್ನೂ ಅವರಿಗೆ ಓದಿ ಹೇಳಿದೆ. ಹಿಂದಿನ ಸಾಲಿನ ವಿಷಯ ಬಂದಾಗ ಮುಖ ಕೆಂಪಗಾಯಿತು. ಕೋಟಾದ ವಿಷಯ ಬಂದಾಗ "ನೀರು ಕೊಡು" ಎಂದರು. ಗೊರಕೆ ಇದೆ, ಪಕ್ಕದ ಕ್ವಾರ್ಟರ್ಸಿಗೂ ಕೇಳಿಸುವಷ್ಟಿದೆ. ಎಂ.ಐ. ರೂಮಿಗೆ ಹೋಗಲು ಒಪ್ಪಿದ್ದಾರೆ.

ಸೇನೆಯಲ್ಲಿಯೂ ಈಗ ರಾಗಿ ಕೊಡುತ್ತಾರಂತೆ, ನಿಜವೇ? ಹಾಗಾದರೆ ರಾತ್ರಿ ಅನ್ನ ಬಿಟ್ಟು ಮುದ್ದೆ ಮಾಡಲೇ? ಓಡಿದರೆ ಬಲ ಮಂಡಿ ನೋಯುತ್ತದೆ ಎನ್ನುತ್ತಾರೆ. ಅದು ನೆಪವೋ ನಿಜವೋ ನನಗೆ ಗೊತ್ತಾಗುವುದಿಲ್ಲ.

ಆಹಾರತಜ್ಞೆ, ಮೈಸೂರು:

ರಾಗಿಯ ಮಾತು ನಿಜ. ಸಿರಿಧಾನ್ಯ ವರ್ಷವಾದ 2023ರಲ್ಲಿ ಸೇನೆ ಸಜ್ಜೆ, ಜೋಳ, ರಾಗಿಯ ಹಿಟ್ಟನ್ನು ಅರ್ಧ ಶತಮಾನದ ಬಳಿಕ ಮತ್ತೆ ರೇಷನ್ನಿಗೆ ತಂದಿತು. ಅಕ್ಕಿ, ಗೋಧಿಯ ಪಾಲಿನಲ್ಲಿ ಶೇ 25ರವರೆಗೆ ಇವನ್ನು ಪಡೆಯಬಹುದು. ಆದರೆ ಹಾಸನದ ಕಡೆಯ ಮುದ್ದೆಯ ಗಾತ್ರ ನನಗೆ ಗೊತ್ತು! ಹಿಟ್ಟಿನ ತೂಕಕ್ಕೆ ತೂಕ ಇಟ್ಟರೆ ರಾಗಿಯಲ್ಲೂ ಅಕ್ಕಿಯಷ್ಟೇ ಕ್ಯಾಲೊರಿ ಇದೆ. ನಾರು ಹೆಚ್ಚಿರುವುದರಿಂದ ಬೇಗ ಹಸಿವಾಗುವುದಿಲ್ಲ, ತೂಕದ ಮಟ್ಟಿಗೆ ಲಾಭ ಅದೊಂದೇ. ಒಂದು ಚಿಕ್ಕ ಮುದ್ದೆ, ತಟ್ಟೆಯ ಅರ್ಧದಷ್ಟು ಸೊಪ್ಪು–ತರಕಾರಿ, ಗಟ್ಟಿಯಾದ ಬೇಳೆ ಅಥವಾ ಕಾಳಿನ ಸಾರು. ಮುದ್ದೆಯ ಮೇಲೆ ಮತ್ತೆ ಅನ್ನ ಬೇಡ. ಅತ್ತೆಯವರು ಬಡಿಸುವ ಎರಡನೆಯ ಮುದ್ದೆಗೆ ಮಾತ್ರ ನನ್ನಲ್ಲಿ ಮದ್ದಿಲ್ಲ.

ನಿವೃತ್ತ ಪಿ.ಟಿ. ಉಸ್ತಾದ್, ಸೋಮವಾರಪೇಟೆ:

ಮಂಡಿನೋವನ್ನು ನೆಪ ಎನ್ನಬೇಡಿ, ತಂಗಿ. ಆ ಭಾರ ಹೊತ್ತ ಮಂಡಿ ನೋಯದಿದ್ದರೆ ಆಶ್ಚರ್ಯ. ಗೊರಕೆಗೆ ಹೋದಾಗಲೇ ಮಂಡಿಯನ್ನೂ ತೋರಿಸಲಿ. ಮೊದಲ ಕೆಲವು ವಾರ ಓಟ ಬೇಡ. ಬೂಟು ಬಿಟ್ಟು ಮೆತ್ತನೆಯ ಷೂ ಹಾಕಿಕೊಂಡು ಮಣ್ಣಿನ ದಾರಿಯಲ್ಲಿ ಬಿರುಸಾಗಿ ನಡೆಯಲಿ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹತ್ತಿರದಲ್ಲಿ ಈಜುಕೊಳವಿದ್ದರೆ ಇನ್ನೂ ಒಳ್ಳೆಯದು. ವಾರದಲ್ಲಿ ಎರಡು ಮೂರು ದಿನ ದಂಡ, ಬೈಠಕ್, ಚಿನ್-ಅಪ್ ಇರಲಿ, ಇಲ್ಲವಾದರೆ ತೂಕದ ಜೊತೆ ಮಾಂಸಖಂಡವೂ ಇಳಿದು ಹಗ್ಗ ಹತ್ತುವಾಗ ಕೈ ನಡುಗುತ್ತದೆ. ಮಂಡಿ ಒಪ್ಪಿದ ಮೇಲೆ 2.4 ಕಿ.ಮೀ., ಆಮೇಲೆ 5.

ಕಚೇರಿಯಲ್ಲಿ ಹತ್ತೂವರೆಯ ಚಹಾಕ್ಕೆ ಸಕ್ಕರೆ ಬೇಡವೆಂದು ಲಂಗರಿನ ಹುಡುಗನಿಗೆ ಒಮ್ಮೆ ಗಟ್ಟಿಯಾಗಿ ಹೇಳಿಬಿಡಲಿ. ಹವಾಲ್ದಾರ್ ಹೇಳಿದರೆ ಅವನು ಮರೆಯುವುದಿಲ್ಲ. ಪಕೋಡದ ತಟ್ಟೆಯನ್ನು ಮುಂದಿನ ಮೇಜಿಗೆ ಸರಿಸಲಿ. ಅಲ್ಲಿ ಕುಳಿತವರಿಗೂ 24 ವಾರ ಬಿದ್ದರೆ ಇದೇ ಉತ್ತರವನ್ನು ತೋರಿಸಿ.

ತೂಕವನ್ನು ವಾರಕ್ಕೊಮ್ಮೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಎಂ.ಐ. ರೂಮಿನ ತಕ್ಕಡಿಯ ಮೇಲೆಯೇ ನೋಡಲಿ. ನಾಳೆ ವೈದ್ಯಕೀಯ ಬೋರ್ಡಿನ ಮುಂದೆ ಲೆಕ್ಕಕ್ಕೆ ಬರುವುದು ಅದೇ ತಕ್ಕಡಿ. ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಕ್ಲರ್ಕ್‌ಗೆ ನಾನು ಹೇಳಿಕೊಡಬೇಕಾಗಿಲ್ಲ.