ಸಹಾಯ ಬೇಕು: ಅಯೋವಾ ಇಂಟರ್‌ಸ್ಟೇಟ್ ಅಧಿಕಾರಿಗಳ ರೈಲಿನ ಬೆನ್ನು ಹತ್ತಲು

ಇದು ಅಮೆರಿಕದ ಅಯೋವಾ ಇಂಟರ್‌ಸ್ಟೇಟ್ ರೈಲು ಕಂಪನಿ ತನ್ನ ಅಧಿಕಾರಿಗಳಿಗಾಗಿ ಓಡಿಸುವ ವಿಶೇಷ ರೈಲು. ಅಯೋವಾದ ಕೌನ್ಸಿಲ್ ಬ್ಲಫ್ಸ್ ಕಡೆಯಿಂದ ಪೂರ್ವಕ್ಕೆ ಬರುವ ಈ ರೈಲಿಗೆ ವೇಳಾಪಟ್ಟಿ ಅಂತ ಇಲ್ಲ, ರೈಲ್ವೆ ರೇಡಿಯೊ ಮಾತು ಕೇಳಿಸುವ ಸ್ಕ್ಯಾನರೇ ಗತಿ. 160.110ರಿಂದ 161.565 ಮೆಗಾಹರ್ಟ್ಸ್‌ವರೆಗೆ ಹುಡುಕಲು ಬಿಡಿ. ಟ್ರ್ಯಾಕ್ ವಾರೆಂಟ್ (ಹಳಿಯ ಇಂತಿಷ್ಟು ಭಾಗ ಬಳಸಲು ರೇಡಿಯೊದಲ್ಲಿ ಕೊಡುವ ಅನುಮತಿ) ರೈಲಿನ ಸಿಬ್ಬಂದಿ ಓದಿ ಒಪ್ಪಿಸುವಾಗ ಎಂಜಿನ್ ನಂಬರ್, ಎಲ್ಲಿಂದ ಎಲ್ಲಿಯವರೆಗೆ ಅನುಮತಿ, ಎರಡನ್ನೂ ಬರೆದುಕೊಳ್ಳಿ. 457.9375 ಮೆಗಾಹರ್ಟ್ಸ್ ಒಂದನ್ನೇ ನೆಚ್ಚಿ ಕೂರಬೇಡಿ: ಅದು ಇಓಟಿ, ಅಂದರೆ ರೈಲಿನ ಕೊನೆಗೆ ಹಾಕುವ ರೇಡಿಯೊ ಸಾಧನ, ಸಂಕೇತ ಕಳಿಸುವ ತರಂಗ; ಕೊನೆಯ ಬೋಗಿಗೆ ಇಓಟಿ ಬದಲು ಬರೀ ಮಾರ್ಕರ್ ದೀಪ ಇದ್ದರೆ ಅಲ್ಲಿ ಏನೂ ಕೇಳಿಸದು.

ಗ್ರಿನೆಲ್, ಅಯೋವಾ ಸಿಟಿ ಹತ್ತಿರ ಯಾರಿದ್ದೀರಿ? ದಾಟಿದ ಸಮಯ, ಮುಂಭಾಗದ ಎಂಜಿನ್ ನಂಬರ್, ಬೋಗಿ ಎಷ್ಟು, ಇಷ್ಟು ತಿಳಿಸಿದರೆ ಸಾಕು.

ರಾಕ್ ಐಲೆಂಡ್‌ನಲ್ಲಿ ಮಿಸ್ಸಿಸ್ಸಿಪ್ಪಿ ನದಿ ಮೇಲಿನ ಗವರ್ನ್‌ಮೆಂಟ್ ಸೇತುವೆ ಬಳಿ ಒಬ್ಬರು ಬೇಕೇ ಬೇಕು. 1896ರ ಈ ಸೇತುವೆಯಲ್ಲಿ ಮೇಲೆ ಹಳಿ, ಕೆಳಗೆ ರಸ್ತೆ. ಬಾರ್ಜ್ (ಸರಕು ದೋಣಿ) ಬಂದು ಅದಕ್ಕೆ ದಾರಿ ಬಿಡಲು ಸೇತುವೆ ತಿರುಗಿತೆಂದರೆ ರೈಲೂ ನಿಂತಿತು, ಹಿಂಬಾಲಿಸುವ ಕಾರೂ ನಿಂತಿತು. ತಿರುಗುವ ಮೊದಲೇ ಯಾರಾದರೂ ಮೆಸೇಜ್ ಹಾಕುತ್ತೀರಾ?